ಕಂಬಕ್ಕೆ ಮೈ ಉಜ್ಜುವ ಕುರಿ



ರೊಪ್ಪದ ಕಂಬಕ್ಕೋ ಕಲ್ಲುಗೋಡೆಗೋ ಕುರಿ ಮೈ ಉಜ್ಜುವುದನ್ನು ನೀವು ನೋಡಿಯೇ ಇರುತ್ತೀರಿ. ಕಜ್ಜಿ ಹತ್ತಿದರೆ ಉಜ್ಜುತ್ತೆ, ಹೇನು ಬಿದ್ದರೆ ಉಜ್ಜುತ್ತೆ. ಔಷಧದ ನೀರಿನಲ್ಲಿ ಒಂದೆರಡು ಸಲ ಮುಳುಗಿಸಿ ತೆಗೆದರೆ ವಾಸಿಯಾಗುತ್ತೆ. ಅದು ದೊಡ್ಡ ವಿಷಯವಲ್ಲ. ಇವತ್ತು ಹೇಳಹೊರಟಿರುವುದು ಬೇರೊಂದು ಉಜ್ಜಾಟದ ಕಥೆ. ಕುರಿಯ ಚರ್ಮ ಬಿಡಿಸಿ ನೋಡಿದರೆ ಕಜ್ಜಿಯಿಲ್ಲ, ಹೇನಿಲ್ಲ, ಉಣ್ಣಿಯೂ ಇಲ್ಲ. ಆದರೂ ಅದು ಉಜ್ಜುತ್ತೆ, ತುಪ್ಪಟವೆಲ್ಲ ಉದುರಿ ಮೈ ಹಸಿಯಾಗುವ ತನಕ ಉಜ್ಜುತ್ತೆ. ಕೊನೆಗೆ ಸಾಯುತ್ತೆ. ಒಂದಾದರೂ ಬದುಕಿ ಉಳಿದದ್ದಿಲ್ಲ. ಏಕೆಂದರೆ ಕೆರೆತ ಇರುವುದು ಚರ್ಮದಲ್ಲಲ್ಲ, ಮಿದುಳಿನಲ್ಲಿ.

ಇಂಗ್ಲಿಷರು ಇದಕ್ಕೆ ಸ್ಕ್ರೇಪಿ ಎಂದು ಹೆಸರಿಟ್ಟರು. ಉಜ್ಜುವ ರೋಗ ಎಂದರ್ಥ. ಫ್ರಾನ್ಸಿನ ಕುರುಬರು ಇದನ್ನೇ ನಡುಗು ರೋಗವೆಂದರು. ಜರ್ಮನಿಯವರು ಕುದುರೆಯ ಹಾಗೆ ಹೆಜ್ಜೆ ಹಾಕುವ ರೋಗವೆಂದರು. ಐಸ್‌ಲೆಂಡ್ ದ್ವೀಪದಲ್ಲಿ ಇದು ರಿದಾ. ಒಂದೊಂದು ಸೀಮೆಯವರಿಗೆ ಒಂದೊಂದು ಲಕ್ಷಣ ಮೊದಲು ಕಣ್ಣಿಗೆ ಬಿತ್ತು, ಅಷ್ಟೆ.

ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಕುರಿಗೆ, ಅಂದರೆ ಒಂದೆರಡು ಸೂಲು ಈದು ಮನೆಗೆ ಆದಾಯ ತೋರಿಸುವ ಹೊತ್ತಿಗೆ, ಈ ರೋಗ ಕಾಣಿಸಿಕೊಳ್ಳುವುದು. ಮೊದಲು ಗುರುತಿಸುವವನು ಡಾಕ್ಟರಲ್ಲ, ಕುರಿ ಕಾಯುವವನು. ಕುರಿ ಮಂದೆಯಿಂದ ಹಿಂದೆ ಬೀಳುತ್ತೆ. ಸುಮ್ಮನೆ ಎತ್ತಲೋ ದಿಟ್ಟಿಸುತ್ತೆ. ಚಪ್ಪಾಳೆ ತಟ್ಟಿದರೆ ಬೆಚ್ಚಿಬೀಳುತ್ತೆ. ಆಮೇಲೆ ಉಜ್ಜಾಟ ಶುರು. ಬಾಲದ ಬುಡದ ಮೇಲೆ ನೀವು ಬೆರಳಿನಿಂದ ಕೆರೆದರೆ ತಲೆ ಎತ್ತಿ, ತುಟಿ ಆಡಿಸುತ್ತಾ ಏನನ್ನೋ ಚಪ್ಪರಿಸುವ ಹಾಗೆ ಮಾಡುತ್ತೆ. ಮುಂಗಾಲು ಎತ್ತೆತ್ತಿ ಇಡುತ್ತೆ, ಹಿಂಗಾಲು ತೂರಾಡುತ್ತೆ. ಮೇವು ತಿನ್ನುತ್ತಲೇ ಇರುತ್ತೆ, ಮೈ ಮಾತ್ರ ಕರಗುತ್ತೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಆಮೇಲೆ ನೆಲ ಹಿಡಿಯುತ್ತೆ. ಮೇಕೆಗಳಿಗೂ ಇದೇ ಗತಿ. ಕೆಲವು ಮೇಕೆ ಮಾತ್ರ ಉಜ್ಜುವುದೇ ಇಲ್ಲ, ತೂಕಡಿಸುತ್ತಾ ನಿಂತಲ್ಲೇ ನಿಂತು ಸಾಯುತ್ತವೆ.

ಇಂಗ್ಲೆಂಡಿನಲ್ಲಿ ಈ ರೋಗ 1732ರಿಂದಲೇ ಗೊತ್ತಿತ್ತು. ಆಗ ಆ ದೇಶದ ಐಶ್ವರ್ಯವೆಲ್ಲ ಉಣ್ಣೆಯ ಮೇಲೆ ನಿಂತಿದ್ದ ಕಾಲ. 1755ರಲ್ಲಿ ಕುರಿ ಸಾಕುವವರ ಗೋಳು ಪಾರ್ಲಿಮೆಂಟಿನ ತನಕ ಹೋಯಿತು. ಮಂದೆ ಹಾಳಾಗುತ್ತಿದೆ, ರೋಗ ಹರಡುತ್ತಿದೆ, ಸರ್ಕಾರ ಏನಾದರೂ ಮಾಡಬೇಕು ಎಂಬ ವಿಷಯ ಅಲ್ಲಿ ಚರ್ಚೆಗೆ ಬಂತು. ಇನ್ನು ನಾಲ್ಕು ವರ್ಷಕ್ಕೆ, 1759ರಲ್ಲಿ, ಲಿಯೋಪೋಲ್ಟ್ ಎಂಬ ಜರ್ಮನ್ ಗ್ರಂಥಕಾರ ಬೇಸಾಯದ ಮೇಲೆ ಪುಸ್ತಕ ಬರೆದ. ಅದರಲ್ಲಿ ಈ ರೋಗದ ಲಕ್ಷಣವನ್ನೆಲ್ಲ ತಪ್ಪಿಲ್ಲದೆ ಹೇಳಿದ್ದಾನೆ. ಇದಕ್ಕೆ ಮದ್ದಿಲ್ಲ, ಇದು ಅಂಟುರೋಗ, ಕಂಡ ತಕ್ಷಣ ಆ ಕುರಿಯನ್ನು ಮಂದೆಯಿಂದ ಬೇರ್ಪಡಿಸಿ ಎಂದು ಬರೆದಿದ್ದಾನೆ. ಜೊತೆಗೆ ಇನ್ನೊಂದು ಮಾತೂ ಇದೆ: ಅಂಥ ಕುರಿಯನ್ನು ಧಣಿಯ ಜಮೀನಿನಿಂದ ಆಚೆ ಕಡಿದು ಆಳುಗಳ ಊಟಕ್ಕೆ ಹಾಕಬೇಕಂತೆ! ಆಳುಗಳನ್ನು ಯಾರೂ ಕೇಳಲಿಲ್ಲವೆಂದು ಕಾಣುತ್ತೆ. ಅದಿರಲಿ, ಇಷ್ಟು ಶತಮಾನಗಳಲ್ಲಿ ಈ ಕುರಿ ರೋಗ ಮನುಷ್ಯರಿಗೆ ಅಂಟಿತೆಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ನೋಡಿ, ಕುರಿ ಕಾಯುವವರಿಗೆ ಇದು ಅಂಟುರೋಗವೆಂದು 1759ರಷ್ಟು ಹಿಂದೆಯೇ ತಿಳಿದಿತ್ತು. ಓದಿದವರು ಒಪ್ಪಲು ಇನ್ನು 177 ವರ್ಷ ಬೇಕಾಯಿತು. ನಡುವೆ ಬಂದ ವಾದಗಳು ಒಂದೆರಡಲ್ಲ. ಟಗರು ಹೆಚ್ಚು ಹಾರಿದ್ದರಿಂದ ಬಂತು ಎಂದರು. ಗುಡುಗಿಗೆ ಹೆದರಿ ಬಂತು ಎಂದರು. ವಂಶದ ದೋಷ ಎಂದರು. ಪಂಡಿತರು ದಡ್ಡರಾಗಿರಲಿಲ್ಲ. ರೋಗವೇ ಹಾಗಿತ್ತು. ದೊಡ್ಡರೋಗ ಬಂದರೆ ವಾರದೊಳಗೆ ಪಕ್ಕದ ದನ ಮಲಗುತ್ತಿತ್ತು, ಅಂಟು ಎಂಬುದು ಮಕ್ಕಳಿಗೂ ತಿಳಿಯುತ್ತಿತ್ತು. ಇದಕ್ಕೆ ಅವಸರವೇ ಇಲ್ಲ. ಇವತ್ತು ಅಂಟಿದ್ದು ಎರಡು ಮೂರು ವರ್ಷದ ಮೇಲೆ ಕಾಣಿಸುತ್ತೆ. ಅಷ್ಟರಲ್ಲಿ ಸಂತೆಯಲ್ಲಿ ಕೊಂಡ ಕುರಿ ಯಾವುದು, ಜೊತೆಯಲ್ಲಿ ಮೇದದ್ದು ಯಾವುದು, ಯಾರಿಗೆ ನೆನಪಿರುತ್ತೆ?

ಫ್ರಾನ್ಸಿನ ತುಲೂಸ್ ಪಟ್ಟಣದ ಪಶುವೈದ್ಯ ಶಾಲೆಯಲ್ಲಿ ನಡೆದದ್ದನ್ನು ಕೇಳಿ. 1898ರಲ್ಲಿ ಬೆನ್ವಾ ಮತ್ತು ಮೊರೆಲ್ ಎಂಬುವರು ಸತ್ತ ಕುರಿಗಳ ನರಮಂಡಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ತುಂಬ ತೂತು! ಕಾವಲಿಯ ಮೇಲೆ ದೋಸೆಯಲ್ಲಿ ಏಳುತ್ತವಲ್ಲ, ಹಾಗೆ. ಮರುವರ್ಷ ಬೆನ್ವಾ ರೋಗವನ್ನು ಒಳ್ಳೆಯ ಕುರಿಗೆ ಅಂಟಿಸಲು ಪ್ರಯತ್ನಪಟ್ಟರು. ಏನೂ ಆಗಲಿಲ್ಲ. ಅಂಟುರೋಗವಲ್ಲ ಎಂದು ಕಡತ ಮುಚ್ಚಿದರು. ಅದೇ ಶಾಲೆಯಲ್ಲಿ ಕ್ಯುಯೆ ಮತ್ತು ಶೆಲ್ ಎಂಬಿಬ್ಬರು ಮತ್ತೆ ಆ ಕೆಲಸಕ್ಕೆ ಕೈಹಾಕಿದರು. ರೋಗದ ಕುರಿಯ ಬೆನ್ನುಹುರಿ ಅರೆದು ಒಳ್ಳೆಯ ಕುರಿಗಳ ಕಣ್ಣಿಗೆ ಚುಚ್ಚಿದರು. ಆಮೇಲೆ ಕಾದರು. ಆರು ತಿಂಗಳಾಯಿತು, ಇಲ್ಲ. ವರ್ಷವಾಯಿತು, ಇಲ್ಲ. ಹದಿನಾಲ್ಕನೆಯ ತಿಂಗಳಲ್ಲಿ ಒಂದು ಕುರಿ ನಡುಗಲು ಹತ್ತಿತು, ಇಪ್ಪತ್ತೆರಡನೆಯ ತಿಂಗಳಲ್ಲಿ ಇನ್ನೊಂದು. 1936ರಲ್ಲಿ ಇದನ್ನು ಪ್ರಕಟಿಸಿದರು. ಹಿಂದಿನವರು ಸೋತ ಕಡೆ ಇವರು ಗೆದ್ದದ್ದು ಹೆಚ್ಚಿನ ಯಂತ್ರದಿಂದಲ್ಲ. ಹೆಚ್ಚು ದಿನ ಆ ಕುರಿಗಳಿಗೆ ಮೇವು ಹಾಕಿ ಇಟ್ಟುಕೊಂಡದ್ದರಿಂದ. 1939ರಲ್ಲಿ ಮೇಕೆಗೂ ಹೀಗೆಯೇ ಅಂಟುತ್ತೆ ಎಂದು ತೋರಿಸಿದರು. ಕುರಿಗಳ ಜೊತೆ ಇದ್ದ ಮೇಕೆಗೆ ತಾನಾಗಿಯೇ ರೋಗ ಬಂದದ್ದನ್ನು ಶೆಲ್ 1942ರಲ್ಲಿ ವರದಿ ಮಾಡಿದರು.

ಅಷ್ಟರಲ್ಲಿ ಸ್ಕಾಟ್ಲೆಂಡಿನಲ್ಲಿ ಯಾರೂ ಬೇಕೆಂದು ಮಾಡದ ಒಂದು ದೊಡ್ಡ ಪ್ರಯೋಗ ನಡೆದುಹೋಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಲ್ಲಿನ ಕುರಿಗಳಿಗೆ ಲೂಪಿಂಗ್ ಇಲ್ ಎಂಬ ಬೇರೊಂದು ಮಿದುಳಿನ ಜಾಡ್ಯವುಂಟು. ಉಣ್ಣಿ ಕಚ್ಚಿ ಬರುವುದು. ನಮ್ಮ ಮಲೆನಾಡಿನ ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು? ಆ ವೈರಸ್ಸಿಗೆ ಈ ವೈರಸ್ಸು ದಾಯಾದಿ. ಎಡಿನ್‌ಬರೋ ಬಳಿಯ ಮೊರ್ಡನ್ ಸಂಸ್ಥೆಯ ಗಾರ್ಡನ್ ಎಂಬ ವಿಜ್ಞಾನಿ ಇದಕ್ಕೆ ಲಸಿಕೆ ಮಾಡಿದರು. ಆ ಕಾಲದ ರೀತಿಯಂತೆ ಕುರಿಯ ಮಿದುಳು, ಬೆನ್ನುಹುರಿ, ಗುಲ್ಮ ಅರೆದು, ಅದರಲ್ಲಿನ ವೈರಸ್ಸು ಸಾಯಲೆಂದು ಫಾರ್ಮಲಿನ್ ಬೆರೆಸಿದರು. 1935ರಲ್ಲಿ ಮೂರು ಕಂತುಗಳಾಗಿ ಲಸಿಕೆ ಹೊರಬಂತು. ಲಸಿಕೆ ಒಳ್ಳೆಯದೇ, ಉಣ್ಣಿ ಜಾಡ್ಯ ತಡೆಯಿತು. ಎರಡು ವರ್ಷ ಎಲ್ಲವೂ ಸರಿಯಿತ್ತು. ಆಮೇಲೆ ಎಂದೂ ಉಜ್ಜು ರೋಗ ಕಾಣದ ಮಂದೆಗಳಲ್ಲಿ ಕುರಿಗಳು ಕಂಬಕ್ಕೆ ಮೈ ಉಜ್ಜತೊಡಗಿದವು. ಹುಡುಕಿ ನೋಡಿದರೆ ಎಲ್ಲವೂ ಎರಡನೆಯ ಕಂತಿನ ಲಸಿಕೆ ಹಾಕಿಸಿಕೊಂಡ ಮಂದೆಗಳೇ. ಆ ಕಂತಿನಲ್ಲಿದ್ದದ್ದು 18,000 ಡೋಸು. ಮೊದಲನೆಯ, ಮೂರನೆಯ ಕಂತಿನವಕ್ಕೆ ಏನೂ ಆಗಿರಲಿಲ್ಲ.

ಏನಾಗಿತ್ತು ಗೊತ್ತೆ? ಆ ಕಂತಿಗೆ ಮಿದುಳು ಕೊಟ್ಟ ಕುರಿಗಳಲ್ಲಿ ಕೆಲವಕ್ಕೆ ಉಜ್ಜು ರೋಗ ಒಳಗೇ ಇತ್ತು. ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದವು. ಫಾರ್ಮಲಿನ್ ವೈರಸ್ಸನ್ನು ಕೊಂದಿತು, ಇದನ್ನು ಕೊಲ್ಲಲಿಲ್ಲ. ಗಾರ್ಡನ್ ಈ ಸಂಗತಿಯನ್ನು ಬಚ್ಚಿಡಲಿಲ್ಲ. 1946ರಲ್ಲಿ ಎಲ್ಲವನ್ನೂ ಬರೆದು ಅಚ್ಚು ಹಾಕಿಸಿದರು. ಈ ರೋಗದ ಚರಿತ್ರೆಯಲ್ಲಿ ಇಂಥ ನೇರ ನಡೆ ಅಪರೂಪ, ಅದಕ್ಕೇ ಹೇಳಿದೆ. ಇದನ್ನು ಕೇಳಿ ನೀವು ಲಸಿಕೆಗೆ ಹೆದರಬೇಕಾಗಿಲ್ಲ. ನಮ್ಮ ಕುರಿ ಮೇಕೆಗಳಿಗೆ ಹಾಕುವ ಪಿ.ಪಿ.ಆರ್. ಲಸಿಕೆಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಿಸುತ್ತಾರೆ, ಕುರಿಯ ಮಿದುಳಿನಿಂದಲ್ಲ. ಅದನ್ನು ತಪ್ಪದೆ ಹಾಕಿಸಿ.

ಒಳ್ಳೆಯ ತಳಿಯ ಆಸೆಗೆ ಕುರಿಗಳು ಹಡಗು ಹತ್ತಿದವು, ರೋಗವೂ ಜೊತೆಗೆ ಹತ್ತಿತು. 1947ರಲ್ಲಿ ಅಮೆರಿಕದ ಮಿಚಿಗನ್ ಪ್ರಾಂತ್ಯದ ಒಂದು ಮಂದೆಯಲ್ಲಿ ಕಂಡಿತು. ಆ ಕುರಿಗಳು ಬ್ರಿಟನ್ನಿನ ಮೂಲದವು, ಕೆನಡಾದ ದಾರಿಯಲ್ಲಿ ಬಂದವು. 1952ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡು ಕಡೆಯೂ ತರಿಸಿದ ಕುರಿಗಳಲ್ಲಿ ಸಿಕ್ಕಿತು. ಅವರು ತಡಮಾಡಲಿಲ್ಲ. ಕುರಿಗಳನ್ನು ಕೊಂದು ದೇಶದೊಳಗೆ ಬೇರೂರದಂತೆ ಮಾಡಿದರು. ನಮ್ಮ ದೇಶದ ಹೆಸರೂ ಈ ಚರಿತ್ರೆಯಲ್ಲಿದೆ. ಹಿಮಾಲಯದ ತಪ್ಪಲಿನ ದೂರದ ಹಳ್ಳಿಗಾಡಿನ ಕುರಿಗಳಲ್ಲಿ ಈ ರೋಗ ಕಂಡುಬಂದಿತೆಂದು ಜ್ಲೋಟ್ನಿಕ್ ಮತ್ತು ಕಟಿಯಾರ್ ಎಂಬ ವಿಜ್ಞಾನಿಗಳು 1961ರಲ್ಲಿ ಬ್ರಿಟನ್ನಿನ ಪಶುವೈದ್ಯ ಪತ್ರಿಕೆಯಲ್ಲಿ ಬರೆದರು. ಹೊರದೇಶದ ಟಗರು, ಹೋತಗಳನ್ನು ತಂದಾಗ ಅವನ್ನು ಬೇರೆ ಇಟ್ಟು, ಕಾಗದ ಪತ್ರ ನೋಡಿ, ಆಮೇಲೆ ಬಿಡುವ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಅಂಟು ಎಂಬುದು ಸಾಬೀತಾದ ಮೇಲೂ ಜಗಳ ಮುಗಿಯಲಿಲ್ಲ. ಒಂದೇ ರೊಪ್ಪದಲ್ಲಿ ಇದ್ದ ಕುರಿಗಳಲ್ಲಿ ಒಂದಕ್ಕೆ ಬಂತು, ಪಕ್ಕದ್ದಕ್ಕೆ ಬರಲಿಲ್ಲ. ತಾಯಿಗೆ ಬಂದರೆ ಮರಿಗೂ ಬರುವುದೇ ಹೆಚ್ಚು. ಇದೆಂಥ ಅಂಟು? ಆಕ್ಸ್‌ಫರ್ಡಿನ ಪ್ಯಾರಿ ಎಂಬ ವಿದ್ವಾಂಸರು ಇದು ರಕ್ತದಲ್ಲಿ ಬರುವ ವಂಶದ ರೋಗವೇ ಸರಿ ಎಂದು ಕೊನೆಯ ತನಕ ವಾದಿಸಿದರು. ಗಾರ್ಡನ್ ಇದನ್ನು ಒರೆಗೆ ಹಚ್ಚಲು 24 ತಳಿಗಳ ಸಾವಿರಕ್ಕೂ ಮಿಕ್ಕಿದ ಕುರಿಗಳನ್ನು ಒಂದೆಡೆ ಕೂಡಿಸಿ, ಎಲ್ಲಕ್ಕೂ ಒಂದೇ ಬಗೆಯಲ್ಲಿ ರೋಗ ಚುಚ್ಚಿಸಿದರು. ಹರ್ಡ್‌ವಿಕ್ ಎಂಬ ತಳಿಯಲ್ಲಿ ನೂರಕ್ಕೆ 78 ಸತ್ತವು. ಡಾರ್ಸೆಟ್ ಡೌನ್ ಎಂಬ ತಳಿಯಲ್ಲಿ ಒಂದೂ ಸಾಯಲಿಲ್ಲ. ಅಂದಮೇಲೆ ಎರಡು ಪಕ್ಷದವರಲ್ಲೂ ಅರ್ಧರ್ಧ ನಿಜವಿತ್ತು. ರೋಗ ಬರುವುದು ಅಂಟಿನಿಂದ. ಅದಕ್ಕೆ ಬಗ್ಗುವುದೋ ಬಗ್ಗದಿರುವುದೋ ಹುಟ್ಟಿನಿಂದ.

ಇನ್ನೊಂದು ಬೆಳಕು ಬಂದದ್ದು ಯಾರೂ ಎಣಿಸದ ಕಡೆಯಿಂದ. ನ್ಯೂಗಿನಿಯ ಬೆಟ್ಟಗಳಲ್ಲಿ ಫೋರೆ ಎಂಬ ಜನ. ಅವರ ಹೆಂಗಸರು ಮಕ್ಕಳು ಕುರು ಎಂಬ ನಡುಗು ರೋಗದಿಂದ ಸಾಯುತ್ತಿದ್ದರು. ಸತ್ತ ಬಂಧುಗಳ ದೇಹವನ್ನು ತಿನ್ನುವುದು ಅವರಲ್ಲಿ ಶೋಕದ ಆಚಾರವಾಗಿತ್ತು. ಹ್ಯಾಡ್ಲೋ ಎಂಬ ಅಮೆರಿಕದ ಪಶುವೈದ್ಯರು ಇಂಗ್ಲೆಂಡಿನಲ್ಲಿ ಉಜ್ಜು ರೋಗದ ಅಧ್ಯಯನಕ್ಕೆ ಬಂದಿದ್ದವರು, ಲಂಡನ್ನಿನ ಪ್ರದರ್ಶನವೊಂದರಲ್ಲಿ ಕುರು ರೋಗದಿಂದ ಸತ್ತವರ ಮಿದುಳಿನ ಚಿತ್ರ ನೋಡಿದರು. ಅದೇ ತೂತು! ಇವೆರಡೂ ಒಂದೇ ಜಾತಿಯ ರೋಗವಿರಬೇಕು, ಅಂಟಿಸಿ ನೋಡಿ, ವರ್ಷಗಟ್ಟಲೆ ಕಾಯಿರಿ ಎಂದು 1959ರಲ್ಲಿ ಪತ್ರ ಬರೆದರು. ಹಾಗೇ ಮಾಡಿದರು, ಚಿಂಪಾಂಜಿಗಳಿಗೆ ಅಂಟಿತು. 1966ರಲ್ಲಿ ಆ ವರದಿ ಬಂತು, 1976ರಲ್ಲಿ ಗಾಜ್ಡುಸೆಕ್ ಅವರಿಗೆ ನೊಬೆಲ್ ಬಹುಮಾನ ಬಂತು. ಕುರಿ ಡಾಕ್ಟರು ಮನುಷ್ಯರ ಡಾಕ್ಟರಿಗೆ ದಾರಿ ತೋರಿಸಿದ ಸಂದರ್ಭ ಇದು.

ಹಾಗಾದರೆ ಅಂಟುವ ವಸ್ತು ಯಾವುದು? ಕುದಿಸಿದರೂ ಹೋಗದು, ಫಾರ್ಮಲಿನ್ನಿಗೂ ಜಗ್ಗದು. ಟಿಕ್ವಾ ಆಲ್ಪರ್ ಎಂಬ ಮಹಿಳೆ 1960ರ ದಶಕದಲ್ಲಿ ವಿಕಿರಣ ಹಾಯಿಸಿ ನೋಡಿದರು. ಯಾವ ವೈರಸ್ಸೂ ತಾಳದಷ್ಟು ವಿಕಿರಣವನ್ನು ಇದು ತಾಳಿತು. 1982ರಲ್ಲಿ ಪ್ರೂಸಿನರ್ ಎಂಬ ವಿಜ್ಞಾನಿ ಇದು ಜೀವಾಣುವೇ ಅಲ್ಲ, ಬರಿಯ ಸಸಾರಜನಕ ಪದಾರ್ಥ, ಅಂದರೆ ಪ್ರೋಟೀನು ಎಂದರು. ಪ್ರಿಯಾನ್ ಎಂದು ಹೆಸರಿಟ್ಟರು. ಹಲವರು ನಕ್ಕರು. 1997ರಲ್ಲಿ ಅವರಿಗೂ ನೊಬೆಲ್ ಬಂತು.

ಇದನ್ನು ಹೀಗೆ ತಿಳಿಯಿರಿ. ಪ್ರತಿ ಕುರಿಯ ಮಿದುಳಿನಲ್ಲೂ ಈ ಪ್ರೋಟೀನು ಹುಟ್ಟಿನಿಂದಲೇ ಇದೆ, ಸರಿಯಾಗಿ ಮಡಿಸಿಟ್ಟ ಪಂಚೆಯ ಹಾಗೆ. ಹೊರಗಿನಿಂದ ಮಡಿಕೆ ತಪ್ಪಿದ್ದು ಒಂದು ಬಂದು ಸೇರಿತೆನ್ನಿ. ಅದು ಪಕ್ಕದ್ದರ ಮಡಿಕೆಯನ್ನೂ ತನ್ನಂತೆಯೇ ತಪ್ಪಿಸುತ್ತೆ. ಅದು ಇನ್ನೊಂದರದ್ದನ್ನು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ತೊಟ್ಟಿನಿಂದ ಪಾತ್ರೆಯೆಲ್ಲ ತಿರುಗುತ್ತೆ. ಹೆಪ್ಪಿನಲ್ಲಾದರೆ ಜೀವವಿರುವ ಅಣುಗಳುಂಟು. ಇದರಲ್ಲಿ ಅದೂ ಇಲ್ಲ. ಜೀವವೇ ಇಲ್ಲದ್ದನ್ನು ಕೊಲ್ಲುವುದು ಹೇಗೆ? ಹಾಲು ಒಂದು ರಾತ್ರಿಗೆ ಹೆಪ್ಪಾದರೆ ಮಿದುಳಿಗೆ ವರ್ಷಗಳು ಬೇಕು, ಅದೇ ಆ ದೀರ್ಘ ಕಾಯುವಿಕೆಯ ಗುಟ್ಟು. ಕೆಲವು ಕುರಿಗಳ ಪ್ರೋಟೀನಿನ ಎಳೆ ತುಸು ಬೇರೆ; ಸುಲಭಕ್ಕೆ ಮಡಿಕೆ ತಪ್ಪದು. ಅವು ಬದುಕುತ್ತವೆ. ಅಂಥ ಎಳೆಗೆ ಎ.ಆರ್.ಆರ್. ಎಂದು ಹೆಸರು.

ರೋಗ ಮಂದೆಯಲ್ಲಿ ಹರಡುವುದು ಮುಖ್ಯವಾಗಿ ಈಯುವ ಕಾಲದಲ್ಲಿ. ರೋಗ ಒಳಗಿರುವ ತಾಯಿ ಈದಾಗ ಬಿದ್ದ ಕಸ, ಅಂದರೆ ಮಾಸು, ಬಲು ಅಪಾಯದ್ದು. ಅದನ್ನು ತಿನ್ನಿಸಿದರೆ ಕುರಿ ಮೇಕೆಗಳಿಗೆ ರೋಗ ಬರುವುದೆಂದು 1972ರಲ್ಲೇ ತೋರಿಸಿದ್ದಾರೆ. ಹಾಲಿನಲ್ಲೂ ಮರಿಗೆ ದಾಟುತ್ತೆ. ಈದ ಜಾಗದಲ್ಲಿ ಬಿದ್ದ ಕಸವನ್ನು ಆಗಲೇ ತೆಗೆದು ಆಳವಾಗಿ ಹೂಳುವ ನಮ್ಮ ಅಜ್ಜಿಯರ ಕಟ್ಟುನಿಟ್ಟು ಇನ್ನೂ ಎಷ್ಟೋ ರೋಗಗಳಿಗೆ ತಡೆ. ಅದನ್ನು ಬಿಡಬೇಡಿ.

ನಿಧಾನದ ರೋಗವಾದ್ದರಿಂದ ಬಚ್ಚಿಡುವುದೂ ಸುಲಭ. ಹೆಸರಾಂತ ಮಂದೆಯ ಯಜಮಾನ ತನ್ನ ಟಗರಿನ ತಾಯಿ ಹೇಗೆ ಸತ್ತಿತೆಂದು ಹೇಳಿದರೆ ಮರಿಗೆ ಗಿರಾಕಿ ಬರುವುದುಂಟೆ? 1755ರಲ್ಲಿ ಪಾರ್ಲಿಮೆಂಟಿನ ಬಾಗಿಲು ತಟ್ಟಿದ ರೋಗವನ್ನು ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ಕಟ್ಟಳೆ ಬ್ರಿಟನ್ನಿನಲ್ಲಿ ಬಂದದ್ದು 1993ರಲ್ಲಿ. ಲೆಕ್ಕ ಹಾಕಿ, 238 ವರ್ಷ. ಆ ಕಟ್ಟಳೆಗೂ ದನಗಳು ಸಾಯಬೇಕಾಯಿತು. 1986ರಲ್ಲಿ ಅಲ್ಲಿನ ಹಸುಗಳಲ್ಲಿ ಇದೇ ಜಾತಿಯ ರೋಗ ಪತ್ತೆಯಾಯಿತು. ಸತ್ತ ಪ್ರಾಣಿಗಳ ಮಾಂಸ ಮೂಳೆ ಪುಡಿ ಮಾಡಿ ಹಿಂಡಿಯೊಳಗೆ ಬೆರೆಸುತ್ತಿದ್ದರು. ಹುಲ್ಲು ಮೇಯುವ ಪ್ರಾಣಿಗೆ ಮಾಂಸ ತಿನ್ನಿಸಿದ ಫಲ ಅದು. ಅದರ ಮೊದಲ ಬೀಜ ಕುರಿಯಿಂದ ಬಂತೋ ಎಂಬುದು ಸಾಬೀತಾಗಿಲ್ಲ. 1988ರಲ್ಲಿ ಆ ಹಿಂಡಿಯನ್ನು ನಿಷೇಧಿಸಿದರು. ಅಷ್ಟರಲ್ಲಿ ತಡವಾಗಿತ್ತು: 1,80,000ಕ್ಕೂ ಹೆಚ್ಚು ದನಗಳಿಗೆ ರೋಗ ಬಂತು. ಕುರಿಯ ರೋಗ ಮನುಷ್ಯರಿಗೆ ದಾಟಿರಲಿಲ್ಲ, ಹಸುವಿನದು ದಾಟಿತು. 1996ರಲ್ಲಿ ಅದನ್ನು ಸರ್ಕಾರವೇ ಒಪ್ಪಿಕೊಂಡಿತು.

ಕೊನೆಯದಾಗಿ ಐಸ್‌ಲೆಂಡಿನ ಮಾತು. ಹಿಮದ ನಾಡು, ಬೆಳೆ ಕಡಿಮೆ. ಕುರಿಯೇ ಅಲ್ಲಿನವರ ಹೊಲ, ಕುರಿಯೇ ಕಣಜ. 1878ರಲ್ಲಿ ಡೆನ್ಮಾರ್ಕಿನಿಂದ ಇಂಗ್ಲಿಷ್ ತಳಿಯ ಒಂದು ಟಗರು ಉತ್ತರದ ಕಣಿವೆಗೆ ಬಂತು. ತಳಿ ಸುಧಾರಿಸಲೆಂದೇ ತರಿಸಿದ್ದು. ಅದರ ಹಿಂದೆಯೇ ರಿದಾ ಬಂತು. ಒಂದು ಟಗರು! ನೂರು ವರ್ಷಗಳಲ್ಲಿ ಅದು ದ್ವೀಪದ ಎಷ್ಟೋ ಕಣಿವೆಗಳಿಗೆ ಹರಡಿತು. 1978ರಿಂದ ಸರ್ಕಾರ ಗಟ್ಟಿ ಮನಸ್ಸು ಮಾಡಿತು. ಒಂದು ಕುರಿಗೆ ರೋಗ ಕಂಡರೆ ಇಡೀ ಮಂದೆಯನ್ನು ಕೊಲ್ಲುವುದು. ಕುರಿಮನೆಯ ಮರಮುಟ್ಟು ಸುಡುವುದು, ಗೋಡೆಗೆ ಮದ್ದು ಹೊಡೆಯುವುದು, ಸುತ್ತಲ ಮೇಲ್ಮಣ್ಣು ಕೆತ್ತಿ ತೆಗೆಯುವುದು. ಎರಡು ಮೂರು ವರ್ಷ ರೊಪ್ಪ ಖಾಲಿ ಇಡಬೇಕು. ಆಮೇಲೆ ರೋಗವಿಲ್ಲದ ಸೀಮೆಯಿಂದ ಹೊಸ ಮರಿ ತರಬೇಕು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಹೆಸರಿಟ್ಟು ಸಾಕಿದ ಕುರಿಗಳನ್ನು ಒಂದೇ ದಿನ ಲಾರಿಗೆ ಹತ್ತಿಸುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಕಡೆ ರೋಗ ಮರಳಿ ಬಂತು. ಒಂದು ಹಟ್ಟಿಯಲ್ಲಿ ಮರಳಿದ್ದನ್ನು ಕೂಲಂಕಷವಾಗಿ ತನಿಖೆ ಮಾಡಿ 2006ರಲ್ಲಿ ಪ್ರಕಟಿಸಿದ್ದಾರೆ. ಹೊರಗಿನಿಂದ ಬಂದ ಗುರುತೇ ಇರಲಿಲ್ಲ. ಅಲ್ಲೊಂದು ಹಳೆಯ ಕುರಿಮನೆ, ಅದನ್ನು ಎಂದೂ ಶುಚಿ ಮಾಡಿರಲಿಲ್ಲ. ಅದರೊಳಗೆ ಕಾಯಿಲೆಯ ಅಂಟು ಕಡಿಮೆಯೆಂದರೂ 16 ವರ್ಷ ಹಾಗೇ ಕೂತಿತ್ತು.

2022ರಲ್ಲಿ ಆ ದ್ವೀಪದ ಪೂರ್ವ ಭಾಗದ ಒಂದು ಹಳ್ಳಿಮನೆಯ ಮಂದೆಯನ್ನು ಪರೀಕ್ಷೆ ಮಾಡಿದಾಗ ಆರು ಕುರಿಗಳಲ್ಲಿ ಎ.ಆರ್.ಆರ್. ಎಳೆ ಸಿಕ್ಕಿತು. ಅಲ್ಲಿನ ನಾಡತಳಿಯಲ್ಲಿ ಇದು ಇಲ್ಲವೇ ಇಲ್ಲವೆಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಈಗ ಅಂಥ ಟಗರುಗಳ ಮರಿಗಳನ್ನು ರೋಗ ಬಿದ್ದಿದ್ದ ಕಣಿವೆಗಳಲ್ಲಿ ಬೆಳೆಸುವ ಕೆಲಸ ನಡೆದಿದೆ.